ಐದು ಶತಮಾನ ನಿಂತ ಮರದ ಚರ್ಚು

ಸಿವಿಲ್ ಎಂಜಿನಿಯರಿಂಗ್ ಓದುವ ನಮಗೆ ಮೊದಲ ವರ್ಷದಿಂದಲೇ ಕಾಂಕ್ರೀಟಿನ ಗುಣಗಾನ ಶುರುವಾಗುತ್ತದೆ. ಸಿಮೆಂಟು, ಮರಳು, ಜಲ್ಲಿ, ನೀರಿನ ಪ್ರಮಾಣ, 28 ದಿನದ ಕ್ಯೂರಿಂಗ್, ಕ್ಯೂಬ್ ಟೆಸ್ಟ್. ಮರ ಎಂದರೆ ಸೆಂಟ್ರಿಂಗ್ ಹಲಗೆ, ಅಷ್ಟೇ. ಸಾಮಾನ್ಯ ಕಟ್ಟಡವೊಂದರ ವಿನ್ಯಾಸದ ಆಯುಷ್ಯ ಸುಮಾರು 50 ವರ್ಷ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯುತ್ತೇವೆ. ನಮ್ಮಪ್ಪ ಕಟ್ಟಿಸಿದ ಮನೆ ನಮ್ಮ ಮಕ್ಕಳ ಕಾಲಕ್ಕೆ ಇರುತ್ತದೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ.

ಕಳೆದ ಸೆಮಿಸ್ಟರ್‌ನಲ್ಲಿ ಸೆಮಿನಾರಿಗೆ ‘ಕಟ್ಟಡ ಸಾಮಗ್ರಿಗಳ ಬಾಳಿಕೆ’ ಎಂಬ ವಿಷಯ ನನ್ನ ಪಾಲಿಗೆ ಬಂತು. ಅದಕ್ಕಾಗಿ ಓದುತ್ತಿದ್ದಾಗ ಸಿಕ್ಕಿದ್ದು ಪೊಟೆಲಿಚ್. ಉಕ್ರೇನಿನ ಪಶ್ಚಿಮ ಭಾಗದ ಲ್ವಿವ್ ಪ್ರಾಂತ್ಯದಲ್ಲಿ, ಪೋಲೆಂಡ್ ಗಡಿಗೆ ಹತ್ತಿರ ಇರುವ ಹಳ್ಳಿ. ಅಲ್ಲಿ 1502ರಲ್ಲಿ ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ ‘ಪವಿತ್ರಾತ್ಮನ ಚರ್ಚು’ ಇಂದಿಗೂ ನಿಂತಿದೆ. 1502 ಎಂದರೆ ಕೃಷ್ಣದೇವರಾಯ ಇನ್ನೂ ಪಟ್ಟಕ್ಕೆ ಬಂದಿರಲಿಲ್ಲ. ಹಂಪಿಯಲ್ಲಿ ಅವನ ಕಾಲದ ಕಲ್ಲಿನ ಕಟ್ಟಡಗಳು ಉಳಿದಿರುವುದು ನಮಗೆ ಸಹಜವೆನಿಸುತ್ತದೆ. ಆದರೆ ಮರ? ಮಳೆ, ಹಿಮ, ಬೆಂಕಿ, ಹುಳು ಎಲ್ಲಕ್ಕೂ ಬಲಿಯಾಗುವ ಮರ ಐನೂರು ವರ್ಷ ಹೇಗೆ ಉಳಿಯಿತು?

ನಾನು ಪೊಟೆಲಿಚ್‌ಗೆ ಹೋದವಳಲ್ಲ. ಫೋಟೊ, ನಕ್ಷೆ, ಓದಿದ್ದು, ಇವೇ ನನ್ನ ಬಂಡವಾಳ. ಆದರೂ ಆ ಪ್ರಶ್ನೆ ಸೆಮಿನಾರ್ ಮುಗಿದ ಮೇಲೂ ನನ್ನನ್ನು ಬಿಡಲಿಲ್ಲ.

ಕುಂಬಾರರ ಊರಿನ ಚರ್ಚು

ಲ್ವಿವ್ ಎಂಬ ಹೆಸರು ನಮ್ಮ ತಲೆಮಾರಿಗೆ ಹೊಸದಲ್ಲ. 2022ರ ಫೆಬ್ರುವರಿ 24ರಂದು ರಷ್ಯಾ ಪೂರ್ಣ ಪ್ರಮಾಣದ ದಾಳಿ ಆರಂಭಿಸಿದಾಗ ಉಕ್ರೇನಿನಲ್ಲಿ ಎಂಬಿಬಿಎಸ್ ಓದುತ್ತಿದ್ದ ಕರ್ನಾಟಕದ ನೂರಾರು ವಿದ್ಯಾರ್ಥಿಗಳು ಸಿಕ್ಕಿಹಾಕಿಕೊಂಡರು. ಅವರಲ್ಲಿ ಹಲವರು ಹಾರ್ಕಿವ್, ಕೀವ್‌ಗಳಿಂದ ರೈಲು ಹಿಡಿದು ಲ್ವಿವ್ ತಲುಪಿ, ಅಲ್ಲಿಂದ ಗಡಿಯತ್ತ ಹೋದರು. ಟಿವಿಯಲ್ಲಿ ದಿನವಿಡೀ ಆ ಹೆಸರುಗಳೇ. ಆಗ ನಮಗೆ ಕಂಡದ್ದು ರೈಲು ನಿಲ್ದಾಣ, ಸಾಲು, ಹಿಮ. ಅದೇ ಪ್ರಾಂತ್ಯದ ಹಳ್ಳಿಗಳಲ್ಲಿ ಇಂಥ ಮರದ ಚರ್ಚುಗಳು ಇವೆ ಎಂದು ಯಾರಿಗೆ ಗೊತ್ತಿತ್ತು?

ಪೊಟೆಲಿಚ್ ಇಂದು ಸಣ್ಣ ಹಳ್ಳಿ. ಹಿಂದೆ ಅದು ಸ್ವಂತ ಆಡಳಿತದ ಹಕ್ಕು ಪಡೆದಿದ್ದ ಪಟ್ಟಣ, ಮಡಕೆ ಕುಡಿಕೆಗಳಿಗೆ ಹೆಸರಾದ ಕುಂಬಾರರ ಊರು. ಟಾಟಾರರ ದಾಳಿಯಲ್ಲಿ ಸುಟ್ಟುಹೋದ ಹಳೆಯ ಚರ್ಚಿನ ಜಾಗದಲ್ಲಿ ಈ ಕುಂಬಾರರೇ ಹೊಸದನ್ನು ಕಟ್ಟಿಸಿದರು ಎನ್ನುತ್ತದೆ ಅಲ್ಲಿನ ಇತಿಹಾಸ. ರಾಜನ ಖಜಾನೆಯಿಂದ ಬಂದ ಹಣವಲ್ಲ, ಚಕ್ರ ತಿರುಗಿಸುವ ಕೈಗಳ ದುಡಿಮೆ.

2013ರಲ್ಲಿ ಯುನೆಸ್ಕೊ ಪೋಲೆಂಡ್ ಮತ್ತು ಉಕ್ರೇನಿನ ಕಾರ್ಪೇಥಿಯನ್ ಪ್ರದೇಶದ 16 ಮರದ ಚರ್ಚುಗಳನ್ನು ಒಟ್ಟಾಗಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಎಂಟು ಅತ್ತ, ಎಂಟು ಇತ್ತ. ಪೊಟೆಲಿಚ್ ಅವುಗಳಲ್ಲೊಂದು. 16ನೇ ಶತಮಾನದಿಂದ 19ನೇ ಶತಮಾನದವರೆಗೆ ಆರ್ಥೊಡಾಕ್ಸ್ ಮತ್ತು ಗ್ರೀಕ್ ಕ್ಯಾಥೊಲಿಕ್ ಸಮುದಾಯಗಳು ಕಟ್ಟಿದ ಚರ್ಚುಗಳಿವು. ಸ್ಥಳೀಯ ಭಾಷೆಯಲ್ಲಿ ಇವುಗಳಿಗೆ ‘ತ್ಸೆರ್ಕ್ವಾ’ ಎಂದು ಹೆಸರು. ಗ್ರೀಕ್ ಕ್ಯಾಥೊಲಿಕ್ ಎಂದರೆ 1596ರ ಬ್ರೆಸ್ಟ್ ಒಪ್ಪಂದದ ನಂತರ ರೋಮಿನ ಪೋಪ್‌ರನ್ನು ಒಪ್ಪಿಕೊಂಡರೂ ಪೂಜಾ ಪದ್ಧತಿಯಲ್ಲಿ ಪೂರ್ವದ ಸಂಪ್ರದಾಯವನ್ನೇ ಉಳಿಸಿಕೊಂಡವರು. ಹಾಗಾಗಿ ಎರಡೂ ಪಂಗಡದ ಚರ್ಚುಗಳು ನೋಡಲು ಒಂದೇ ಕುಟುಂಬದವು.

ಮೂರು ಕೋಣೆ, ಒಂದು ಆಕಾಶ

ಇಂಥ ಚರ್ಚಿನ ಪ್ಲಾನ್ ಬಿಡಿಸುವುದು ಸುಲಭ. ಪಶ್ಚಿಮದಿಂದ ಪೂರ್ವಕ್ಕೆ ಒಂದೇ ಸಾಲಿನಲ್ಲಿ ಮೂರು ಭಾಗ. ಮೊದಲು ‘ಬಾಬಿನೆತ್ಸ್’. ಹಿಂದಿನ ಕಾಲದಲ್ಲಿ ಹೆಂಗಸರು ನಿಲ್ಲುತ್ತಿದ್ದ ಮುಂಗೋಣೆ, ಹೆಸರಿನಲ್ಲೇ ಹೆಂಗಸರಿದ್ದಾರೆ. ನಡುವೆ ಜನ ಸೇರುವ ಮುಖ್ಯ ಅಂಗಣ. ಪೂರ್ವಕ್ಕೆ ಪೂಜಾವೇದಿಕೆ ಇರುವ ಗರ್ಭಭಾಗ. ನಮ್ಮ ದೇವಸ್ಥಾನಗಳ ಮುಖಮಂಟಪ, ನವರಂಗ, ಗರ್ಭಗುಡಿ ಗೊತ್ತಿದ್ದವರಿಗೆ ಈ ಕ್ರಮ ಬೇಗ ಅರ್ಥವಾಗುತ್ತದೆ.

ಗೋಡೆ ಕಟ್ಟುವ ಕ್ರಮಕ್ಕೆ ‘ಜ್ರೂಬ್’ ಎನ್ನುತ್ತಾರೆ. ಕೊಡಲಿಯಿಂದ ಚೌಕ ಮಾಡಿದ ದಿಮ್ಮಿಗಳನ್ನು ಅಡ್ಡಡ್ಡ ಮಲಗಿಸಿ ಮೂಲೆಯಲ್ಲಿ ಒಂದರ ತುದಿಯನ್ನು ಇನ್ನೊಂದರ ತುದಿಗೆ ಕಚ್ಚಿಸುತ್ತಾರೆ. ಗೋಡೆಗೆ ಕಂಬವಿಲ್ಲ, ಗಾರೆಯಿಲ್ಲ. ಬಿಗಿ ಬೇಕಾದಲ್ಲಿ ಮರದ್ದೇ ಗೂಟ. ದಿಮ್ಮಿಗಳ ಸ್ವಂತ ಭಾರವೇ ಗೋಡೆಯನ್ನು ಒತ್ತಿ ಹಿಡಿಯುತ್ತದೆ.

ಇದರಲ್ಲಿ ಒಂದು ತೊಡಕಿದೆ. ಮರ ಒಣಗುವಾಗ ಉದ್ದಕ್ಕೆ ಕುಗ್ಗುವುದು ತೀರಾ ಕಡಿಮೆ, ಅಡ್ಡಕ್ಕೆ ಕುಗ್ಗುವುದು ಹೆಚ್ಚು. ದಿಮ್ಮಿಗಳು ಅಡ್ಡ ಮಲಗಿರುವುದರಿಂದ ಹೊಸ ಗೋಡೆ ಒಣಗುತ್ತಾ ಒಣಗುತ್ತಾ ಎತ್ತರದಲ್ಲಿ ಇಳಿಯುತ್ತದೆ. ಕಾಂಕ್ರೀಟ್ ಗೋಡೆ ಹೀಗೆ ಕೂತರೆ ಬಿರುಕು ಬಿಟ್ಟು ರಾದ್ಧಾಂತವಾಗುತ್ತದೆ. ಜ್ರೂಬ್ ಗೋಡೆ ಮಾತ್ರ ಒಟ್ಟಾಗಿ ಇಳಿದು ಇನ್ನಷ್ಟು ಬಿಗಿಯಾಗುತ್ತದೆ. ಕೀಲುಗಳಿಗೆ ಅಷ್ಟು ಅಲುಗಾಡುವ ಸ್ವಾತಂತ್ರ್ಯವನ್ನು ಮೊದಲೇ ಕೊಟ್ಟಿರುತ್ತಾರೆ.

ಇನ್ನು ಮೇಲ್ಭಾಗ. ಗೋಡೆ ಒಂದು ಎತ್ತರಕ್ಕೆ ಬಂದ ಮೇಲೆ ದಿಮ್ಮಿಗಳನ್ನು ಸ್ವಲ್ಪ ಸ್ವಲ್ಪ ಒಳಕ್ಕೆ ಜರುಗಿಸುತ್ತಾ, ಗೋಪುರದಂತೆ ಕಿರಿದು ಮಾಡುತ್ತಾ ಹೋಗುತ್ತಾರೆ. ಮಧ್ಯೆ ನೇರ ಗೋಡೆ, ಮತ್ತೆ ಒಳಕ್ಕೆ ಬಾಗು. ಈ ಬಾಗಿಗೆ ‘ಜಾಲೊಮ್’ ಎಂದು ಹೆಸರು. ಒಳಗೆ ಅಡ್ಡ ಚಾವಣಿ ಇಲ್ಲದ ಕಡೆ ನಿಂತು ತಲೆಯೆತ್ತಿದರೆ ನೋಟ ನೇರ ಗುಮ್ಮಟದ ತುದಿಗೆ ಹೋಗುತ್ತದೆ. ಮೇಲಕ್ಕೆ ಹೋದಂತೆ ಕಿರಿದಾಗುವುದರಿಂದ ಇರುವುದಕ್ಕಿಂತ ಎತ್ತರ ಕಾಣುತ್ತದೆ. ನೆಲದ ಮೇಲೆ ದೊಡ್ಡ ಹಾಲ್‌ನಷ್ಟೂ ಜಾಗವಿಲ್ಲದ ಹಳ್ಳಿ ಚರ್ಚಿಗೆ ಆಕಾಶ ಮಾತ್ರ ದೊಡ್ಡದು. ಪೂರ್ವ ಸಂಪ್ರದಾಯದ ಪೂಜೆಯಲ್ಲಿ ವಾದ್ಯಗಳಿಲ್ಲ, ಮನುಷ್ಯರ ಕಂಠವೇ ಎಲ್ಲ. ಸುತ್ತಲೂ ಮರವೇ ಇರುವ ಆ ಎತ್ತರದಲ್ಲಿ ಹತ್ತು ಜನ ಹಾಡಿದರೂ ಹೇಗೆ ಕೇಳಬಹುದು ಎಂದು ಯೋಚಿಸಿ ನೋಡಿ.

ಎಲ್ಲ ಕಡೆ ಒಂದೇ ಅಚ್ಚು ಎಂದುಕೊಳ್ಳಬೇಡಿ. ಗುಡ್ಡಗಾಡಿನ ಉಝೋಕ್ ಹಳ್ಳಿಯಲ್ಲಿ 1745ರ ಚರ್ಚು ಬೊಯ್ಕೊ ಜನರ ಶೈಲಿಯದು. ಯಾಸಿನ್ಯಾದಲ್ಲಿರುವ 1824ರ ಚರ್ಚು ಹುತ್ಸುಲ್ ಜನರ ಶೈಲಿಯದು, ಶಿಲುಬೆಯಾಕಾರದ ತಳವಿನ್ಯಾಸ, ನಡುವೆ ಗುಮ್ಮಟ. ಯಾಸಿನ್ಯಾದ ಬಗ್ಗೆ ಒಂದು ಕತೆಯಿದೆ. ಸ್ಟ್ರೂಕ್ ಎಂಬ ಕುರಿಗಾಹಿ ಹಠಾತ್ತನೆ ಬಿದ್ದ ಹಿಮಕ್ಕೆ ಸಿಕ್ಕಿ ತನ್ನ ಕುರಿಗಳನ್ನು ಒಂದು ಮರದ ಕೆಳಗೆ ಬಿಟ್ಟು ಹೋಗಬೇಕಾಯಿತಂತೆ. ವಸಂತದಲ್ಲಿ ಬಂದು ನೋಡಿದರೆ ಕುರಿಗಳೆಲ್ಲ ಜೀವಂತ! ಅದಕ್ಕೆ ಕೃತಜ್ಞತೆಯಾಗಿ ಅಲ್ಲಿ ಚರ್ಚು ಕಟ್ಟಿಸಿದನಂತೆ. ಆ ಚರ್ಚನ್ನು ಜನ ಇಂದಿಗೂ ಸ್ಟ್ರೂಕ್‌ನ ಹೆಸರಿನಲ್ಲೇ ಕರೆಯುತ್ತಾರೆ.

ಮಳೆಗೆ ಕೊಡೆ, ಗೋಡೆಗೆ ಲಂಗ

ಮರದ ಶತ್ರು ನೀರು ಎಂಬುದು ಅರ್ಧ ಸತ್ಯ. ನೆನೆದು ಬೇಗ ಒಣಗಿದರೆ ಮರಕ್ಕೆ ಏನೂ ಆಗುವುದಿಲ್ಲ. ತೇವಾಂಶ ಶೇ 20ಕ್ಕಿಂತ ಹೆಚ್ಚಾಗಿ ಹಾಗೇ ನಿಂತರೆ ಬೂಷ್ಟು ಹಿಡಿದು ಕೊಳೆಯಲು ಶುರು. ಆದ್ದರಿಂದ ಆ ಬಡಗಿಗಳ ಎಲ್ಲ ಜಾಣತನವೂ ನೀರನ್ನು ಬೇಗ ಸಾಗಹಾಕುವುದರಲ್ಲಿದೆ.

ಫೋಟೊದಲ್ಲಿ ಮೊದಲು ಕಣ್ಣಿಗೆ ಬೀಳುವುದು ಚರ್ಚಿನ ಸೊಂಟದ ಸುತ್ತ ಲಂಗದಂತೆ ಇಳಿಬಿದ್ದ ಅಗಲವಾದ ಸೂರು. ಅದರ ಹೆಸರು ‘ಒಪಸಾನ್ಯಾ’. ಗೋಡೆಯ ಕೆಲವು ದಿಮ್ಮಿಗಳ ತುದಿಯನ್ನೇ ಹೊರಕ್ಕೆ ಚಾಚಿಬಿಟ್ಟು, ಆ ಚಾಚಿನ ಮೇಲೆ ಸೂರು ಕೂರಿಸುತ್ತಾರೆ. ಮೇಲಿನ ಮಾಡಿನಿಂದ ಸುರಿಯುವ ನೀರು, ಕರಗುವ ಹಿಮ ಗೋಡೆಯ ಬುಡಕ್ಕೆ ಬೀಳದೆ ದೂರ ಬೀಳುತ್ತದೆ. ದೊಡ್ಡ ಹಬ್ಬದ ದಿನ ಒಳಗೆ ಹಿಡಿಸದ ಜನಕ್ಕೆ ಅದೇ ನೆರಳು. ಮಲೆನಾಡಿನ ಮನೆಗಳ ಸೂರನ್ನು ಕಂಡವರಿಗೆ ಇದರ ಉಪಯೋಗ ವಿವರಿಸಬೇಕಿಲ್ಲ.

ಮಾಡಿಗೆ ಹೊದಿಸುವುದು ‘ಹೊಂತ್’ ಎಂಬ ಮರದ ಚಿಕ್ಕ ಹಲಗೆ, ನಮ್ಮ ಹೆಂಚಿನ ಕೆಲಸವನ್ನೇ ಮಾಡುತ್ತದೆ. ಇದನ್ನು ಗರಗಸದಿಂದ ಕೊಯ್ಯುವುದಿಲ್ಲ, ನಾರಿನ ಗುಂಟ ಸೀಳುತ್ತಾರೆ. ಗರಗಸ ನಾರನ್ನು ಕತ್ತರಿಸುತ್ತದೆ, ಕತ್ತರಿಸಿದ ನಾರಿನ ಬಾಯಿಂದ ನೀರು ಒಳಗಿಳಿಯುತ್ತದೆ. ಸೀಳಿದ ಹಲಗೆಯಲ್ಲಿ ನಾರು ತುಂಡಾಗದೆ ಉಳಿಯುವುದರಿಂದ ನೀರು ಅದರ ಮೇಲೆ ಜಾರಿ ಹೋಗುತ್ತದೆ. ಪ್ರತಿ ಹಲಗೆಯ ಒಂದು ಅಂಚಿನಲ್ಲಿ ಗಾಡಿ ಕೊರೆದಿರುತ್ತದೆ, ಪಕ್ಕದ ಹಲಗೆಯ ತೆಳ್ಳನೆಯ ಅಂಚು ಅದರೊಳಗೆ ಕೂರುತ್ತದೆ. ಕ್ಲಾಸಿನಲ್ಲಿ ಇದನ್ನು ಹೇಳಿದಾಗ ಹಿಂದಿನ ಬೆಂಚಿನವರೂ ತಲೆಯೆತ್ತಿದರು.

ಈ ಹೊಂತ್ ಶಾಶ್ವತವಲ್ಲ. ಕೆಲವು ದಶಕಗಳಲ್ಲಿ ಬಿಸಿಲು ಮಳೆಗೆ ಬೂದು ಬಣ್ಣಕ್ಕೆ ತಿರುಗಿ, ಸವೆದು, ಬದಲಿಸಬೇಕಾಗುತ್ತದೆ. ನೆಲಕ್ಕೆ ಹತ್ತಿರದ ಕೆಳಗಿನ ದಿಮ್ಮಿಗಳೂ ಹಾಗೆಯೇ. ಎಷ್ಟೇ ಜೋಪಾನ ಮಾಡಿದರೂ ಒಂದು ದಿನ ಅವೇ ಮೊದಲು ಕೊಳೆಯುತ್ತವೆ. ಆಗ ಕಟ್ಟಡವನ್ನು ಜಾಕ್ ಹಾಕಿ ಎತ್ತಿ, ಹಾಳಾದ ದಿಮ್ಮಿ ತೆಗೆದು ಹೊಸದನ್ನು ತೂರಿಸಬಹುದು. ಮೇಲಿನ ಗೋಡೆಗೆ, ಅದರ ಮೇಲಿನ ಚಿತ್ರಗಳಿಗೆ ಪೆಟ್ಟಾಗದಂತೆ ಈ ಕೆಲಸ ಮಾಡಲು ಸಾಧ್ಯವಿದೆ.

ತೀರ್ಥಹಳ್ಳಿ ಕಡೆ ಇರುವ ನನ್ನ ದೊಡ್ಡಪ್ಪ ಬಡಗಿ. ಹಬ್ಬಕ್ಕೆ ಊರಿಗೆ ಹೋದಾಗ ಮೊಬೈಲಿನಲ್ಲಿ ಚರ್ಚಿನ ಮೂಲೆಯ ಫೋಟೊ ದೊಡ್ಡದು ಮಾಡಿ ತೋರಿಸಿದೆ. ಕನ್ನಡಕ ಹುಡುಕಿ ಹಾಕಿಕೊಂಡು ಬಹಳ ಹೊತ್ತು ನೋಡಿದರು.

“ಮೊಳೆ ಎಲ್ಲೂ ಕಾಣಲ್ವಲ್ಲೇ ಪುಟ್ಟಿ.”

“ಗೋಡೆಗೆ ಮೊಳೆ ಇಲ್ಲ ದೊಡ್ಡಪ್ಪ. ಬರೀ ಕಚ್ಚು, ಗೂಟ.”

“ಹಂಗಾದ್ರೆ ಇದನ್ನ ಕಟ್ಟಿದವ್ನು ಬಿಚ್ಚೋದನ್ನೂ ಯೋಚ್ನೆ ಮಾಡಿದಾನೆ. ಮೊಳೆ ಹೊಡೆದ್ರೆ ಬಿಚ್ಚುವಾಗ ಮರ ಹಾಳು. ನೀವು ಓದೋದ್ರಲ್ಲಿ ಬಿಚ್ಚೋದು ಹೇಳ್ಕೊಡ್ತಾರಾ?”

ನಮ್ಮ ಸಿಲಬಸ್‌ನಲ್ಲಿ ಅಂಥ ಅಧ್ಯಾಯವನ್ನು ನಾನಂತೂ ಓದಿಲ್ಲ. ಕಟ್ಟಡ ಕೆಡಹುವುದರ ಬಗ್ಗೆ ಒಂದೆರಡು ಪುಟ ಇರಬಹುದು, ಬಿಚ್ಚಿ ಮತ್ತೆ ಕಟ್ಟುವುದರ ಬಗ್ಗೆ ಇಲ್ಲ.

ದೊಡ್ಡಪ್ಪನ ಮಾತಿಗೆ ಸಾಕ್ಷಿ ದ್ರೊಹೊಬಿಚ್ ಪಟ್ಟಣದಲ್ಲಿದೆ. ಅಲ್ಲಿನ ಸಂತ ಜಾರ್ಜ್ ಚರ್ಚು ಕೂಡ ಯುನೆಸ್ಕೊ ಪಟ್ಟಿಯದೇ. ಅದು ಮೂಲತಃ ಒಂದು ಹಳ್ಳಿಯ ಚರ್ಚು. 17ನೇ ಶತಮಾನದ ಮಧ್ಯಭಾಗದಲ್ಲಿ ಅದನ್ನು ಬಿಚ್ಚಿ, ಸಾಗಿಸಿ ತಂದು ಪಟ್ಟಣದಲ್ಲಿ ಮತ್ತೆ ನಿಲ್ಲಿಸಿದರು. ದ್ರೊಹೊಬಿಚ್ ಉಪ್ಪು ಕಾಯಿಸುವವರ ಊರು, ಅಲ್ಲಿಯವರು ಈ ಚರ್ಚಿಗೆ ಬೆಲೆಯಾಗಿ ಉಪ್ಪನ್ನೇ ಕೊಟ್ಟರು ಎಂಬುದು ಜನಜನಿತ ಮಾತು. ಉಪ್ಪು ಕೊಟ್ಟು ಚರ್ಚು ಕೊಂಡರು! ಕಾಂಕ್ರೀಟ್ ಕಟ್ಟಡವನ್ನು ಹೀಗೆ ಎತ್ತಿಕೊಂಡು ಹೋಗಿ ಇನ್ನೊಂದು ಊರಲ್ಲಿ ಜೋಡಿಸಲು ಆದೀತೇ?

ಗೋಡೆಯ ಮೇಲೆ ಬರೆದ ಪುರಾಣ

ಹೊರಗಿನಿಂದ ಪೊಟೆಲಿಚ್ ಚರ್ಚು ಬೂದು, ಕಂದು. ಅಲಂಕಾರವೆಲ್ಲ ಒಳಗೆ. ಕಟ್ಟಿ ನೂರು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ, 1620ರಿಂದ 1640ರ ದಶಕಗಳಲ್ಲಿ ಅದರ ಗೋಡೆಗಳ ಮೇಲೆ ಚಿತ್ರ ಬರೆದರು. ಯೇಸುವಿನ ಕೊನೆಯ ದಿನಗಳ ಸಂಕಟಗಳನ್ನು ಹೇಳುವ ಚಿತ್ರಮಾಲೆ ಅದರಲ್ಲಿ ಮುಖ್ಯ. ಒಂದರ ಪಕ್ಕ ಒಂದು ಚೌಕಟ್ಟು, ಓದು ಬಾರದವರೂ ಕತೆ ಹಿಡಿಯಬಹುದು. ಈ ಭಿತ್ತಿಚಿತ್ರಗಳು ಎಷ್ಟು ಮಹತ್ವದವೆಂದರೆ ಕಲಾ ಇತಿಹಾಸಕಾರ್ತಿ ಲ್ಯುದ್ಮಿಲಾ ಮಿಲ್ಯಾಯೆವಾ 1969ರಲ್ಲಿ ಇವುಗಳ ಮೇಲೆಯೇ ಒಂದು ಪುಸ್ತಕ ಬರೆದರು.

ಮರದ ಗೋಡೆಯ ಮೇಲೆ ಚಿತ್ರ ಬರೆಯುವುದು ಸುಣ್ಣದ ಗೋಡೆಯ ಮೇಲೆ ಬರೆದಂತಲ್ಲ. ದಿಮ್ಮಿ ಮತ್ತು ದಿಮ್ಮಿಯ ನಡುವೆ ಸಂದು ಇರುತ್ತದೆ, ಋತು ಬದಲಾದಂತೆ ಆ ಸಂದು ಹಿಗ್ಗಿ ಕುಗ್ಗುತ್ತದೆ. ಅದಕ್ಕೆ ಆ ಭಾಗದ ಕಲಾವಿದರು ಸಂದಿನ ಮೇಲೆ ಬಟ್ಟೆಯ ಪಟ್ಟಿ ಅಂಟಿಸುತ್ತಿದ್ದರು. ಅದರ ಮೇಲೆ ಅಂಟು ಬೆರೆಸಿದ ಸೀಮೆಸುಣ್ಣದ ಲೇಪ, ಆಮೇಲೆ ಬಣ್ಣ. ಬಿರುಕು ಬಿಟ್ಟಿರುವ ಗೋಡೆಗೆ ಪೇಂಟ್ ಹೊಡೆಯುವ ಮುನ್ನ ನಮ್ಮ ಪೇಂಟರ್‌ಗಳು ಜಾಲರಿ ಪಟ್ಟಿ ಅಂಟಿಸುತ್ತಾರಲ್ಲ, ಅದೇ ಉಪಾಯ.

ಮುಖ್ಯ ಅಂಗಣ ಮತ್ತು ಗರ್ಭಭಾಗದ ನಡುವೆ ನಿಲ್ಲುವುದು ‘ಇಕೊನೊಸ್ಟಾಸಿಸ್’, ದೇವಚಿತ್ರಗಳ ಗೋಡೆ. ಕೆತ್ತನೆಯ ಚೌಕಟ್ಟಿನಲ್ಲಿ ಸಾಲು ಸಾಲಾಗಿ ಚಿತ್ರಗಳು. ಕೆಳಗೆ ಕೈಗೆಟಕುವ ಎತ್ತರದಲ್ಲಿ ಯೇಸು, ಮಾತೆ ಮರಿಯ, ಆ ಚರ್ಚಿನ ಹೆಸರಿನ ಸಂತ ಅಥವಾ ಹಬ್ಬ. ಮೇಲೆ ವರ್ಷದ ಹಬ್ಬಗಳು, ಅಪೊಸ್ತಲರು, ಪ್ರವಾದಿಗಳು. ನಡುವೆ ಎರಡು ಬಾಗಿಲಿನ ‘ರಾಜದ್ವಾರ’, ಪೂಜೆಯ ನಿರ್ದಿಷ್ಟ ಹೊತ್ತಿನಲ್ಲಿ ಮಾತ್ರ ತೆರೆಯುತ್ತದೆ. ರೊಹಾಟಿನ್ ಪಟ್ಟಣದ ಮರದ ಚರ್ಚಿನಲ್ಲಿರುವ 1650ರ ಇಕೊನೊಸ್ಟಾಸಿಸ್ ಇಂಥವುಗಳಲ್ಲಿ ಬಹಳ ಹೆಸರಾದದ್ದು.

ಈ ದೇವಚಿತ್ರಗಳನ್ನು ಆ ಸಂಪ್ರದಾಯದವರು ‘ಬಿಡಿಸಿದರು’ ಎನ್ನುವುದಿಲ್ಲವಂತೆ, ‘ಬರೆದರು’ ಎನ್ನುತ್ತಾರಂತೆ. ನಮ್ಮಲ್ಲೂ ಚಿತ್ರ ಬರೆಯುವುದು ಎನ್ನುತ್ತೇವೆ. ಹಾಗಾಗಿ ಆ ಮಾತು ಕನ್ನಡದ ಕಿವಿಗೆ ವಿಚಿತ್ರವೆನಿಸುವುದಿಲ್ಲ. ಲಿಂಡನ್ ಮರದ ಹಲಗೆ, ಅದರ ಮೇಲೆ ಬಟ್ಟೆ, ಸೀಮೆಸುಣ್ಣ ಮತ್ತು ಅಂಟಿನ ಹಲವು ಲೇಪ, ಮೊಟ್ಟೆಯ ಹಳದಿಯಲ್ಲಿ ಕಲಸಿದ ಬಣ್ಣ. ಹಲಗೆಯ ಹಿಂಭಾಗ ನೋಡಿದರೆ ಎಂಜಿನಿಯರಿಂಗ್ ಕಾಣುತ್ತದೆ. ಹಲಗೆ ಬಾಗದಿರಲಿ ಎಂದು ಅಡ್ಡಕ್ಕೆ ಗಾಡಿ ಕೊರೆದು ಪಟ್ಟಿ ತೂರಿಸುತ್ತಾರೆ, ಆದರೆ ಅದಕ್ಕೆ ಅಂಟು ಹಾಕುವುದಿಲ್ಲ. ಹಲಗೆ ಹಿಗ್ಗಿದಾಗ ಪಟ್ಟಿಯ ಮೇಲೆ ಜಾರುತ್ತದೆ. ಸೇತುವೆಗಳಲ್ಲಿ ನಾವು ಕೊಡುವ ಎಕ್ಸ್‌ಪ್ಯಾನ್ಶನ್ ಜಾಯಿಂಟ್ ಮಾಡುವುದೂ ಇದೇ ಕೆಲಸವನ್ನು.

ಕಾರ್ಪೇಥಿಯನ್ ಹಳ್ಳಿಗಳ ‘ಅಂತಿಮ ತೀರ್ಪು’ ಚಿತ್ರಗಳು ನನಗೆ ಬಹಳ ಇಷ್ಟವಾದವು. ಮೇಲೆ ನ್ಯಾಯ ಹೇಳುವ ಯೇಸು, ಕೆಳಗೆ ಬೆಂಕಿಯ ಹೊಳೆ. ನರಕದಲ್ಲಿ ದೆವ್ವಗಳ ಕೈಗೆ ಸಿಕ್ಕವರಲ್ಲಿ ಯಾರಿದ್ದಾರೆ ಗೊತ್ತೇ? ಅಳತೆಯಲ್ಲಿ ಮೋಸ ಮಾಡಿದ ಗಿರಣಿಯವನು, ಹೆಂಡದಂಗಡಿ ನಡೆಸುವವರು. ಹಳ್ಳಿಯ ಚಿತ್ರಕಾರ ತನ್ನೂರಿನ ಅನ್ಯಾಯವನ್ನು ದೇವರ ಮುಂದೆ ಇಟ್ಟಿದ್ದಾನೆ. ಭಾನುವಾರ ಆ ಚಿತ್ರದೆದುರು ನಿಲ್ಲುವಾಗ ಗಿರಣಿಯವನ ಮುಖ ಹೇಗಿರುತ್ತಿತ್ತೋ!

ಬೆಂಕಿ, ಬೀಗ, ತಗಡು

ಇಷ್ಟೆಲ್ಲ ಜಾಣತನವಿದ್ದೂ ಈ ಚರ್ಚುಗಳು ಸುಲಭವಾಗಿ ಉಳಿಯಲಿಲ್ಲ. 1946ರಲ್ಲಿ ಸೋವಿಯತ್ ಆಡಳಿತ ಉಕ್ರೇನಿನ ಗ್ರೀಕ್ ಕ್ಯಾಥೊಲಿಕ್ ಸಭೆಯನ್ನೇ ಇಲ್ಲವಾಗಿಸಿತು. ಅದು ಮತ್ತೆ ಬಹಿರಂಗವಾಗಿ ಉಸಿರಾಡಿದ್ದು 1989ರ ಕೊನೆಯಲ್ಲಿ. ಆ ನಡುವಿನ ವರ್ಷಗಳಲ್ಲಿ ಎಷ್ಟೋ ಚರ್ಚುಗಳಿಗೆ ಬೀಗ ಬಿತ್ತು. ಕೆಲವು ಗೋದಾಮುಗಳಾದವು, ಕೆಲವು ಮ್ಯೂಸಿಯಂಗಳಾದವು. ಮ್ಯೂಸಿಯಂ ಆದವು ಒಂದು ರೀತಿಯಲ್ಲಿ ಬದುಕಿದವು. ಪೊಟೆಲಿಚ್ ಚರ್ಚಿನ ಜೀರ್ಣೋದ್ಧಾರ ನಡೆದದ್ದು 1970ರ ದಶಕದಲ್ಲಿ, ಅದೇ ಸೋವಿಯತ್ ಕಾಲದಲ್ಲಿ.

ಇಂದಿನ ಅಪಾಯಗಳಲ್ಲಿ ಒಂದು ಯುದ್ಧ. ಕೀವ್ ಪ್ರಾಂತ್ಯದ ಜಾವೊರಿಚಿ ಹಳ್ಳಿಯಲ್ಲಿ 1873ರಲ್ಲಿ ಕಟ್ಟಿದ ಸಂತ ಜಾರ್ಜ್‌ನ ಮರದ ಚರ್ಚಿತ್ತು. 2022ರ ಮಾರ್ಚ್‌ನಲ್ಲಿ ಹಳ್ಳಿಗೆ ಯುದ್ಧ ಬಂದಾಗ ಅದು ಹೊತ್ತಿ ಉರಿದು ಬೂದಿಯಾಯಿತು. ಸುಮಾರು ಒಂದೂವರೆ ಶತಮಾನ ನಿಂತದ್ದು ಒಂದೇ ದಿನದಲ್ಲಿ ಮುಗಿಯಿತು. ಪೊಟೆಲಿಚ್ ಇರುವುದು ದೇಶದ ಪಶ್ಚಿಮ ಅಂಚಿನಲ್ಲಿ, ನೆಲದ ಮೇಲಿನ ಕಾಳಗದಿಂದ ದೂರ. ಆದರೆ ಕ್ಷಿಪಣಿಗೆ ದೂರವೆಂಬುದಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ಲ್ವಿವ್‌ನ ಹಳೆಯ ನಗರವನ್ನು ಅಪಾಯದಲ್ಲಿರುವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇನ್ನೊಂದು ಅಪಾಯಕ್ಕೆ ಸದ್ದಿಲ್ಲ. ಹೊಂತ್ ಸವೆದಾಗ ಹಳ್ಳಿಯವರು ಅದರ ಬದಲು ತಗಡು ಹೊದಿಸುತ್ತಾರೆ. ಹಲವು ಹಳ್ಳಿಗಳಲ್ಲಿ ಹಳೆಯ ಮರದ ಚರ್ಚು ಈಗ ಸ್ಟೀಲ್ ಪಾತ್ರೆಯಂತೆ ಫಳಫಳ ಹೊಳೆಯುತ್ತದೆ. ಪ್ಲಾಸ್ಟಿಕ್ ಕಿಟಕಿ ಬಂದಿರುವುದೂ ಉಂಟು. ಅವರನ್ನು ಬೈಯುವುದು ಸುಲಭ. ಅವರ ಜಾಗದಲ್ಲಿ ನಿಂತು ನೋಡಿದರೆ ತಗಡು ಅಗ್ಗ, ಬೇಗ ಸಿಗುತ್ತದೆ, ಮತ್ತೆ ಮತ್ತೆ ಏಣಿ ಹತ್ತಬೇಕಿಲ್ಲ. ಹೊಂತ್ ಸೀಳಲು ಬಲ್ಲವರು ಪ್ರತಿ ಊರಲ್ಲೂ ಇಲ್ಲ. ಆದರೆ ಮರದ ಮಾಡು ಉಸಿರಾಡುತ್ತದೆ, ತಗಡು ಉಸಿರಾಡುವುದಿಲ್ಲ. ಒಳಗಿನ ಹಬೆ ತಣ್ಣನೆಯ ತಗಡಿನ ಅಡಿಯಲ್ಲಿ ಹನಿಗಟ್ಟಿ, ಸರಿಯಾಗಿ ಗಾಳಿಯಾಡದಿದ್ದರೆ, ಕೆಳಗಿನ ಮರಕ್ಕೆ ಇಳಿಯುತ್ತದೆ. ಹೊರಗೆ ಹೊಳಪು, ಒಳಗೆ ಕೊಳೆ.

ಸ್ಕ್ಯಾನ್ ಮಾಡಿದರೆ ಸಾಕೇ?

ಯುದ್ಧ ಶುರುವಾದ ಮೇಲೆ ಲ್ವಿವ್‌ನ ಸ್ಕೈರಾನ್ ಎಂಬ ಸಂಸ್ಥೆ ಪರಂಪರೆಯ ಕಟ್ಟಡಗಳ ಲೇಸರ್ ಸ್ಕ್ಯಾನಿಂಗ್‌ಗೆ ಇಳಿಯಿತು. ಲೇಸರ್ ಕಿರಣ ಗೋಡೆಗೆ ಬಡಿದು ಬರುವುದನ್ನು ಅಳೆದು ಕೋಟ್ಯಂತರ ಬಿಂದುಗಳ ಮೋಡವೊಂದನ್ನು ಕಟ್ಟುತ್ತದೆ. ಅದರಿಂದ ಮಿಲಿಮೀಟರ್ ಲೆಕ್ಕದ ತ್ರಿಡಿ ಮಾದರಿ ಸಿಗುತ್ತದೆ. ‘ಬ್ಯಾಕಪ್ ಉಕ್ರೇನ್’ ಎಂಬ ಇನ್ನೊಂದು ಯೋಜನೆ ಸಾಮಾನ್ಯ ಜನರಿಗೂ ತಮ್ಮ ಮೊಬೈಲಿನಲ್ಲೇ ಸ್ಮಾರಕಗಳನ್ನು ತ್ರಿಡಿಯಲ್ಲಿ ದಾಖಲಿಸುವ ದಾರಿ ತೋರಿಸಿತು. ಲ್ವಿವ್‌ನ ಆಂಡ್ರೇ ಶೆಪ್ಟಿಟ್ಸ್ಕಿ ರಾಷ್ಟ್ರೀಯ ಮ್ಯೂಸಿಯಂ 1905ರಲ್ಲಿ ಶುರುವಾದದ್ದು, ಹಳ್ಳಿ ಚರ್ಚುಗಳಿಂದ ಬಂದ ದೇವಚಿತ್ರಗಳ ದೊಡ್ಡ ಸಂಗ್ರಹ ಅಲ್ಲಿದೆ. 2022ರ ಮಾರ್ಚ್‌ನಲ್ಲಿ ಅಲ್ಲಿನ ಸಿಬ್ಬಂದಿ ಬೊಹೊರೊದ್ಚಾನಿ ಇಕೊನೊಸ್ಟಾಸಿಸ್ ಅನ್ನು ಬಿಡಿಬಿಡಿಯಾಗಿ ಬಿಚ್ಚಿ ಸುರಕ್ಷಿತ ಜಾಗಕ್ಕೆ ಹೊತ್ತೊಯ್ದರು. ಆ ಫೋಟೊ ನೋಡಿದಾಗ ದೊಡ್ಡಪ್ಪನ ಮಾತು ನೆನಪಾಯಿತು. ಬಿಚ್ಚಲು ಬರುವಂತೆ ಕಟ್ಟಿದ್ದರಿಂದಲೇ ಬಿಚ್ಚಿ ಉಳಿಸಲು ಆಯಿತು.

ನಮ್ಮಂಥ ವಿದ್ಯಾರ್ಥಿಗಳಿಗೆ ಸ್ಕ್ಯಾನಿಂಗ್ ಬಹಳ ಆಕರ್ಷಕ. ಲ್ಯಾಪ್‌ಟಾಪ್ ಮುಂದೆ ಕುಳಿತು ಪೊಟೆಲಿಚ್‌ನಂಥ ಚರ್ಚಿನೊಳಗೆ ತಿರುಗಾಡಬಹುದು. ದಾಖಲೆ ಬೇಕೇ ಬೇಕು. ಸುಟ್ಟುಹೋದರೆ ಮತ್ತೆ ಕಟ್ಟಲು ಅಳತೆಯಾದರೂ ಇರುತ್ತದೆ. ಆದರೆ ಯಾವ ಬಿಂದುಮೋಡವೂ ಹೊಂತ್ ಸೀಳುವುದಿಲ್ಲ. ಯಾವ ಮರ, ಯಾವ ಕಾಲದಲ್ಲಿ ಕಡಿದದ್ದು, ಸೀಳುವಾಗ ಉಳಿ ಎಲ್ಲಿಡಬೇಕು ಎಂಬುದು ಬಲ್ಲವರ ಕೈಯಲ್ಲಿದೆ. ಆ ಕೈಗಳು ಮುಂದಿನ ಕೈಗಳಿಗೆ ಕಲಿಸದಿದ್ದರೆ ಹಾರ್ಡ್ ಡಿಸ್ಕಿನಲ್ಲಿ ಚರ್ಚಿನ ಆಕಾರ ಮಾತ್ರ ಉಳಿಯುತ್ತದೆ.

ನನ್ನ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರ ಇಷ್ಟು. ಪೊಟೆಲಿಚ್ ಚರ್ಚಿನ ದಿಮ್ಮಿಗಳಲ್ಲಿ ಮಾಯೆಯೇನೂ ಇಲ್ಲ. ಅದನ್ನು ಕಟ್ಟಿದವರು ಮರ ಕೊಳೆಯುತ್ತದೆ ಎಂದು ಒಪ್ಪಿಕೊಂಡೇ ಕೆಲಸ ಶುರು ಮಾಡಿದರು. ಯಾವ ಭಾಗ ಮೊದಲು ಹಾಳಾಗುತ್ತದೋ ಅದನ್ನು ಮೊದಲು ತೆಗೆಯಲು ಬರುವಂತೆ ಇಟ್ಟರು. ಹಾಗೆ ಮಾಡುವ ಮೂಲಕ ಪ್ರತಿ ತಲೆಮಾರಿಗೂ ಒಂದೊಂದು ಕೆಲಸ ಬಿಟ್ಟು ಹೋದರು. ಮೊಮ್ಮಕ್ಕಳು ಏಣಿ ಹತ್ತಿ ಹೊಂತ್ ಬದಲಿಸಬೇಕು, ಮರಿಮಕ್ಕಳು ಕೆಳಗಿನ ದಿಮ್ಮಿ ನೋಡಬೇಕು. ಐನೂರು ವರ್ಷಗಳಲ್ಲಿ ಯಾವುದೋ ಒಂದು ತಲೆಮಾರು ‘ನಮಗ್ಯಾಕೆ’ ಎಂದು ಕೈಬಿಟ್ಟಿದ್ದರೂ ಇವತ್ತು ಆ ಜಾಗದಲ್ಲಿ ಹುಲ್ಲು ಬೆಳೆದಿರುತ್ತಿತ್ತು.

ಕ್ಯಾಂಪಸ್ ಪ್ಲೇಸ್‌ಮೆಂಟ್ ಹತ್ತಿರವಾಗುತ್ತಿದೆ. ಹಾಸ್ಟೆಲ್‌ನಲ್ಲಿ ದಿನವೂ ಅದೇ ಮಾತು. ಹೊಸ ಪ್ರಾಜೆಕ್ಟ್, ಹೊಸ ಟವರ್, ಹೊಸ ಫ್ಲೈಓವರ್ ಎಂದರೆ ಎಲ್ಲರ ಕಣ್ಣರಳುತ್ತದೆ. ಮೇಂಟೆನೆನ್ಸ್ ಎಂದರೆ ಮುಖ ಸಪ್ಪಗಾಗುತ್ತದೆ, ಬೇರೆ ಕೆಲಸ ಸಿಗದವರು ಹೋಗುವ ಜಾಗ ಎಂಬ ಭಾವನೆ. ಆದರೆ ಕಟ್ಟಿದ್ದನ್ನು ಉಳಿಸುವುದೂ ಓದಿ ಕಲಿಯುವ ವಿದ್ಯೆಯೇ. ದೆಹಲಿಯ ಸ್ಕೂಲ್ ಆಫ್ ಪ್ಲ್ಯಾನಿಂಗ್ ಆ್ಯಂಡ್ ಆರ್ಕಿಟೆಕ್ಚರ್‌ನಲ್ಲಿ ಕಟ್ಟಡ ಸಂರಕ್ಷಣೆಗೆಂದೇ ಸ್ನಾತಕೋತ್ತರ ಕೋರ್ಸ್ ಇದೆ. ತೇವಾಂಶ ಅಳೆಯುವವರು, ಹಳೆಯ ಲೇಪದ ರಸಾಯನ ತಿಳಿದವರು, ಸ್ಕ್ಯಾನ್ ಓದಬಲ್ಲವರು, ಮರದ ಕೀಲು ಅರ್ಥವಾಗುವವರು ಎಲ್ಲರಿಗೂ ಅಲ್ಲಿ ಕೆಲಸವಿದೆ. ಯುದ್ಧ ನಿಂತ ದಿನ ಉಕ್ರೇನಿಗೆ ಇಂಥವರು ಎಷ್ಟು ಜನ ಇದ್ದರೂ ಸಾಲುವುದಿಲ್ಲ.

ನಾನು ಅಂತಿಮ ವರ್ಷದ ಪ್ರಾಜೆಕ್ಟಿಗೆ ಮರದ ಕೀಲುಗಳ ವಿಷಯವನ್ನೇ ಆರಿಸಿಕೊಳ್ಳಬೇಕೆಂದಿದ್ದೇನೆ. ಮೊಳೆಯಿಲ್ಲದ ಮೂಲೆಯೊಂದನ್ನು ಮಾಡಿ, ನೆನೆಸಿ, ಒಣಗಿಸಿ, ಭಾರ ಹೇರಿ ಅದು ಎಷ್ಟು ಇಳಿಯುತ್ತದೆ ಎಂದು ಲ್ಯಾಬ್‌ನಲ್ಲಿ ಅಳೆಯಬೇಕು. ಗೈಡ್ ಒಪ್ಪುತ್ತಾರೋ ಇಲ್ಲವೋ ನೋಡಬೇಕು. ಮಾದರಿ ಮಾಡಿಕೊಡಲು ದೊಡ್ಡಪ್ಪ ಆಗಲೇ ಒಪ್ಪಿದ್ದಾರೆ. ಅವರದು ಒಂದೇ ಷರತ್ತು, ಉಳಿ ನಾನೇ ಹಿಡಿಯಬೇಕಂತೆ.